ಪರದೆಯ ಹಿಂದಿನ ಹಾಜಿಯಾ

ಏಳು ತಿಂಗಳು ನಾನು ಹೆಂಗಸಾಗಿದ್ದೆ. ಅದೂ ಮಕ್ಕಾಗೆ ಹೋಗಿ ಬಂದ ಹೆಂಗಸು. ದುಬೈಯಲ್ಲಿ ಉಗುರಿನ ವಿದ್ಯೆ ಕಲಿತವಳು. ಪರಪುರುಷರ ಕಣ್ಣಿಗೆ ಬೀಳದವಳು. ಇಬಾದಾನ್ ಪಟ್ಟಣದ ದೊಡ್ಡ ಮನೆಗಳ ಹೆಂಗಸರು ಒಬ್ಬರಿಗೊಬ್ಬರು ಹೇಳಿಕೊಂಡು ನನ್ನನ್ನು ಹುಡುಕಿ ಬರುತ್ತಿದ್ದರು. "ಕೈ ಅಂದ್ರೆ ಹಾಜಿಯಾ ಕೈ ಕಣೇ" ಎನ್ನುತ್ತಿದ್ದರು.

ನನ್ನ ಹೆಸರು ತಾಂಕೋ. ಸಾಲಾಗಿ ಹೆಣ್ಣುಮಕ್ಕಳು ಹುಟ್ಟಿದ ಮೇಲೆ ಹುಟ್ಟುವ ಗಂಡಿಗೆ ನಮ್ಮ ಹೌಸಾ ಜನ ಇಡುವ ಹೆಸರು ಅದು. ವಯಸ್ಸು ಮೂವತ್ತಮೂರು. ಮೀಸೆ ಇದೆ. ಮಕ್ಕಾ ಇರಲಿ, ದುಬೈ ಇರಲಿ, ನಾನು ವಿಮಾನವನ್ನು ಹತ್ತಿರದಿಂದ ಕೂಡ ನೋಡಿದವನಲ್ಲ.

ಇದು ಹೇಗಾಯಿತು ಅಂತ ಹೇಳುತ್ತೇನೆ. ನಗು ಬಂದರೆ ನಕ್ಕುಬಿಡಿ. ನನಗೆ ಮಾತ್ರ ಇನ್ನೂ ಬಂದಿಲ್ಲ.

ನಮ್ಮದು ಕತ್ತರಿ ಹಿಡಿದ ಮನೆ. ತಲೆ ಬೋಳಿಸುವುದು, ಸುನ್ನತ್ ಮಾಡುವುದು, ಉಗುರು ಕತ್ತರಿಸುವುದು. ಅಜ್ಜನಿಂದ ಅಪ್ಪನಿಗೆ, ಅಪ್ಪನಿಂದ ನನಗೆ. ನಮ್ಮೂರು ಉತ್ತರದಲ್ಲಿ, ಕಟ್ಸಿನಾ ಕಡೆ. ಅಲ್ಲಿ ದೊಡ್ಡ ಮನೆಯವರು ನಮ್ಮ ಮುಂದೆ ತಲೆ ಬಗ್ಗಿಸಿ ಕೂರುತ್ತಾರೆ, ಬೋಳಿಸಿಕೊಳ್ಳುವುದಕ್ಕೆ. ಎದ್ದ ಮೇಲೆ ಗುರುತು ಹಿಡಿಯುವುದಿಲ್ಲ. ಹತ್ತೊಂಬತ್ತನೇ ವಯಸ್ಸಿಗೆ ಅಪ್ಪನ ಕತ್ತರಿ ತೆಗೆದುಕೊಂಡು ದಕ್ಷಿಣಕ್ಕೆ ಬಂದೆ. ಇಬಾದಾನಿನ ಸಾಬೋ ಕೇರಿಯಲ್ಲಿ, ನಮ್ಮವರ ನಡುವೆ, ಸೋದರಮಾವ ಬರಾವು ಇದ್ದ. ಅವನ ಚಾಪೆಯ ಪಕ್ಕ ನನ್ನ ಚಾಪೆ ಬಿತ್ತು.

ಉಗುರು ಕತ್ತರಿಸುವವನು ಬೀದಿಯಲ್ಲಿ ಕೂಗುವುದಿಲ್ಲ. ಕಂಕುಳಲ್ಲಿ ತಗಡಿನ ಪೆಟ್ಟಿಗೆ, ಬಲಗೈಯಲ್ಲಿ ಕತ್ತರಿ. ಕತ್ತರಿಯ ಎರಡು ತೋಳನ್ನು ಬಡಿಯುತ್ತ ಹೋಗುತ್ತೇವೆ. ಕಟ್-ಕಟ್. ಕಟ್-ಕಟ್. ಸಂತೆಯಲ್ಲಿ ಯಾರಿಗೆ ಬೇಕೋ ಅವರು ತಲೆ ಎತ್ತದೆಯೇ ಕರೆಯುತ್ತಾರೆ. "ಅಬೋಕೀ, ಬಾ ಇಲ್ಲಿ." ಅಬೋಕಿ ಅಂದರೆ ನಮ್ಮ ಮಾತಿನಲ್ಲಿ ಗೆಳೆಯ. ಇಲ್ಲಿನವರು ಗೆಳೆತನಕ್ಕೆ ಕರೆಯುವುದಲ್ಲ. ಕಾವಲುಗಾರ ಅಬೋಕಿ, ಈರುಳ್ಳಿ ಮಾರುವವನು ಅಬೋಕಿ, ಚಪ್ಪಲಿ ಹೊಲಿಯುವವನು ಅಬೋಕಿ. ಒಂದೇ ಹೆಸರು ಸಾವಿರ ಜನಕ್ಕೆ. ಕರೆದ ಕಡೆ ಹೋಗಿ ಕುಕ್ಕರುಗಾಲಲ್ಲಿ ಕೂರಬೇಕು. ಅವರ ಕಾಲನ್ನು ನಮ್ಮ ಮೊಣಕಾಲ ಮೇಲೆ ಇಟ್ಟುಕೊಳ್ಳಬೇಕು. ಒಂದು ಕಾಲು ಮುಗಿದ ಕೂಡಲೇ ಕತ್ತರಿಯನ್ನು ಎರಡು ಸಲ ಬಡಿಯಬೇಕು. ಇದು ಮುಗಿಯಿತು, ಇನ್ನೊಂದು ಕೊಡಿ ಅಂತ ಅರ್ಥ. ಬಾಯಿಬಿಟ್ಟು ಕೇಳುವ ಹಾಗಿಲ್ಲ. ಅಪ್ಪ ಹಾಗೆ ಕಲಿಸಿದ. ಅಪ್ಪನಿಗೆ ಅವನ ಅಪ್ಪ.

ಹನ್ನೆರಡು ವರ್ಷ ಕಾಲು ಹಿಡಿದೆ. ಗೆಣಸು ಹೊರುವವರ ಕಾಲು. ಕಸಾಯಿಗಳ ಕಾಲು. ಹಿಮ್ಮಡಿ ಒಡೆದು ಮಣ್ಣು ಕೂತ ಕಾಲು. ಮೆಣಸಿನಕಾಯಿ ಮಾರುವ ಒಬ್ಬ ಮುದುಕಿ ಇದ್ದಳು. ಸಂತೆಗೆಲ್ಲ ಅವಳು ಮೆಣಸಿನಕಾಯಿ ಮಾಮಾ. ಮಾಮಾ ಅಂದರೆ ಇಲ್ಲಿ ಅಮ್ಮ. ಅವಳ ಉಗುರು ಕತ್ತರಿಸಿದ ದಿನ ಮರೆತು ಕಣ್ಣು ಒರೆಸಿಕೊಂಡರೆ ಅಯ್ಯಯ್ಯೋ, ಸಂಜೆಯವರೆಗೂ ಉರಿ. ಅವಳು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. "ಅಳಬೇಡ್ವೋ ಅಬೋಕಿ, ನಿನ್ನ ಹೆಂಡ್ತಿ ಬಿಟ್ಟು ಹೋದ್ಲು ಅಂದ್ಕೋತಾರೆ" ಎನ್ನುತ್ತಿದ್ದಳು. ಆಮೇಲೆ ಬಿಸಿ ಕಾಳಿನ ವಡೆ ಕೊಡುತ್ತಿದ್ದಳು.

ಒಂದು ದಿನ ಬಟ್ಟೆ ಅಂಗಡಿಯವಳ ಕಾಲು ನನ್ನ ಮೊಣಕಾಲ ಮೇಲಿತ್ತು. ಅವಳು ಫೋನು ನೋಡುತ್ತಿದ್ದಳು. ನಾನೂ ಓರೆಗಣ್ಣಲ್ಲಿ ನೋಡಿದೆ. ಯಾವಳೋ ಒಬ್ಬಳು ಕುಂಚವನ್ನು ದ್ರವದಲ್ಲಿ ಅದ್ದಿದಳು. ಪುಡಿಗೆ ಮುಟ್ಟಿಸಿದಳು. ಕುಂಚದ ತುದಿಯಲ್ಲಿ ಒಂದು ಗುಂಡು ಎದ್ದಿತು. ಅದನ್ನು ಬೆರಳಿನ ಮೇಲೆ ಇಟ್ಟು ಒತ್ತಿ ಎಳೆದಳು. ಉಗುರು ಹುಟ್ಟಿತು. ಇಲ್ಲದ ಉಗುರು! ಹುಟ್ಟಿದಾಗಿನಿಂದ ಉಗುರು ಕತ್ತರಿಸಿ ಬಿಸಾಡಿದ ಮನೆಯವನು ನಾನು. ಉಗುರನ್ನು ಕಟ್ಟಬಹುದು ಅಂತ ನಮಗೆ ಯಾರೂ ಹೇಳಿರಲಿಲ್ಲ. "ಏಯ್, ಕಾಲು ಬಿಟ್ಟು ಎಲ್ಲಿ ನೋಡ್ತೀಯಾ?" ಎಂದು ಅವಳು ಕಾಲಿನಿಂದಲೇ ತಿವಿದಳು.

ಅವತ್ತಿನಿಂದ ಹುಚ್ಚು ಹಿಡಿಯಿತು. ಪುಡಿ ಕೊಂಡೆ, ದ್ರವ ಕೊಂಡೆ, ಒಂದು ಒಳ್ಳೆಯ ಕುಂಚ ಕೊಂಡೆ. ಕೈ ಕೊಡುವವರು ಯಾರು? ಒಡೆದ ಸೋರೆಬುರುಡೆಯ ಚೂರುಗಳನ್ನು ಆರಿಸಿ ತಂದೆ. ಬುರುಡೆಯ ಬಾಗು ಉಗುರಿನ ಬಾಗಿನಂತೆಯೇ ಇರುತ್ತದೆ. ಉಗುರಿನಷ್ಟಗಲ ಕತ್ತರಿಸಿ, ಅರದಿಂದ ತೀಡಿ, ಅದರ ಮೇಲೆ ಕಟ್ಟಿದೆ. ಒಡೆಯಿತು, ಎದ್ದುಬಂತು, ಗುಳ್ಳೆ ಕಟ್ಟಿತು. ಮತ್ತೆ ಕಟ್ಟಿದೆ. ಎರಡು ವರ್ಷ ಹೀಗೆ. ಆಮೇಲೆ ಬೆಕ್ಕಿನ ಬಾಲದ ಕೂದಲಿನಲ್ಲಿ ಸಣ್ಣ ಕುಂಚ ಮಾಡಿಕೊಂಡು ಬಂಗಾರದ ಬಣ್ಣದಲ್ಲಿ ಚಿತ್ರ ಬರೆಯತೊಡಗಿದೆ. ನಮ್ಮ ಕಡೆ ದೊಡ್ಡವರ ನಿಲುವಂಗಿಯ ಎದೆಯ ಮೇಲೆ ಒಂದು ಕಸೂತಿ ಇರುತ್ತದೆ. ಎಂಟು ಕತ್ತಿ ಅಂತ ಅದಕ್ಕೆ ಹೆಸರು. ಸಾಲಾಗಿ ಎಂಟು ಚೂಪು ಮೊನೆ. ಕ್ಷೌರ ಮಾಡುವ ನಮ್ಮಂಥವರ ಕತ್ತಿಯ ಆಕಾರ, ಹಾಕಿಕೊಳ್ಳುವವರು ಮಾತ್ರ ಅವರು. ಆ ಎಂಟು ಕತ್ತಿಯನ್ನು ನಾನು ಒಂದು ಉಗುರಿನ ಮೇಲೆ ತಂದೆ.

ಬರಾವು ಮಾವ ನೋಡಿ ಉಗುಳಿದ.

"ಗಂಡಸಾಗಿ ಹೆಂಗಸ್ರ ಬೆರಳಿಗೆ ಬಣ್ಣ ಬಳೀತೀಯಾ? ನೀರು ಇಳಿಯದ ಉಗುರು ಇಟ್ಕೊಂಡು ಅವ್ರು ಕೈಕಾಲು ತೊಳ್ದು ನಮಾಜ್ ಹೇಗೆ ಮಾಡ್ತಾರೆ? ಆ ಪಾಪ ಯಾರ ತಲೆಗೆ?"

"ನಮಾಜ್ ಮಾಡದವ್ರಿಗೆ ಮಾಡ್ತೀನಿ ಬಿಡು ಮಾವ. ಈ ಊರಲ್ಲಿ ಅವ್ರೇನು ಕಮ್ಮಿ ಇಲ್ವಲ್ಲ."

"ಬಾಯಿ ನೋಡು! ಕತ್ತರಿಗಿಂತ ಚೂಪು."

ಬೈದರೂ ಕೆಲಸ ಕೊಡಿಸಿದವನು ಅವನೇ. ಕಣ್ಣು ಮಂಜಾದ ಮೇಲೆ ಮಾವ ಕತ್ತರಿ ಬಿಟ್ಟು ಒಂದು ಬ್ಯೂಟಿ ಸಲೂನಿನ ಗೇಟು ಕಾಯುತ್ತಿದ್ದ. ಸಲೂನು ಮೇಡಂ ಇಬಿರೋಂಕೆಯದು. ಕನ್ನಡಿ, ಏಸಿ, ಮೆತ್ತನೆಯ ಕುರ್ಚಿ. ಕಾಲು ತೊಳೆದು ಹಿಮ್ಮಡಿ ಉಜ್ಜುವುದಕ್ಕೆ ಆಳು ಬೇಕಿತ್ತು. ನಾನು ಹೋದೆ. ಮತ್ತೆ ನೆಲದ ಮೇಲೆ ಕುಕ್ಕರುಗಾಲು. ಮತ್ತೆ ಕಾಲು. ಹೆಂಗಸರು ಕಾಲು ಚಾಚಿ ನನ್ನ ತಲೆಯ ಮೇಲಿಂದ ಮಾತಾಡುತ್ತಿದ್ದರು, ಅಲ್ಲಿ ಯಾರೂ ಇಲ್ಲವೇನೋ ಅನ್ನುವ ಹಾಗೆ. ಕೈಯ ಕೆಲಸ ಬುಕೋಲಾಳದು. ಮೇಡಂಗೆ ದೂರದ ನೆಂಟಳು. ಒಳ್ಳೆಯ ಹುಡುಗಿ, ಆದರೆ ಕೈ ನಡುಗುತ್ತಿತ್ತು. ಅವಳು ಕಟ್ಟಿದ ಉಗುರು ವಾರದೊಳಗೆ ಎದ್ದುಬರುತ್ತಿತ್ತು. ಗಿರಾಕಿಗಳು ಬಂದು ಕೂಗಾಡುತ್ತಿದ್ದರು.

ಒಂದು ಮಧ್ಯಾಹ್ನ ನನ್ನ ಪೆಟ್ಟಿಗೆ ಕೈಜಾರಿ ಬಿತ್ತು. ಬುರುಡೆಯ ಉಗುರುಗಳು ನೆಲದ ಮೇಲೆಲ್ಲ ಹರಡಿದವು. ಮೇಡಂ ಒಂದನ್ನು ಎತ್ತಿಕೊಂಡಳು. ಬೆಳಕಿಗೆ ಹಿಡಿದಳು. ತನ್ನ ಬೆರಳಿನ ಮೇಲಿಟ್ಟು ನೋಡಿದಳು.

"ಇದನ್ನ ಯಾರು ಮಾಡಿದ್ದು?"

"ನಾನೇ ಮೇಡಂ."

ಅವಳು ನನ್ನನ್ನು ಮೊದಲ ಸಲ ನೋಡಿದಳು. ಉಗುರನ್ನು ನೋಡಿದಳು. ಮತ್ತೆ ನನ್ನನ್ನು. ಏನೋ ಲೆಕ್ಕ ಹಾಕುವುದು ಕಣ್ಣಲ್ಲೇ ಕಾಣುತ್ತಿತ್ತು.

ಮೂರು ದಿನದಲ್ಲಿ ಬಡಗಿ ಬಂದ. ಸಲೂನಿನ ಮೂಲೆಯಲ್ಲಿ ಒಂದು ಹಲಗೆ ನಿಲ್ಲಿಸಿದ. ಹಲಗೆಯಲ್ಲಿ ಎರಡು ತೂತು, ಕೈ ತೂರುವಷ್ಟು. ಮೇಲಿನಿಂದ ನೆಲದವರೆಗೆ ಹಸಿರು ರೇಷ್ಮೆಯ ಪರದೆ. ಒಳಗೆ ಒಂದು ಮೇಜು, ಒಂದು ದೀಪ. ಅಷ್ಟೇ. ಫ್ಯಾನು ಕೂಡ ಇಲ್ಲ.

"ಕೇಳಿಲ್ಲಿ" ಎಂದಳು ಮೇಡಂ. "ನೀನು ಬೀದಿಯಲ್ಲಿ ಕಾಲು ಹಿಡಿದವನು ಅಂತ ಗೊತ್ತಾದ್ರೆ ಈ ಹೆಂಗಸ್ರು ಕೈ ಕೊಡ್ತಾರಾ? ಕೊಡಲ್ಲ. ಅದಕ್ಕೇ ಹೇಳ್ತೀನಿ, ಒಳಗಿರೋದು ಹಾಜಿಯಾ. ದುಬೈಯಲ್ಲಿ ಕಲಿತವ್ರು. ಪರದೆ ಹಾಕ್ಕೋತಾರೆ, ಯಾರಿಗೂ ಮುಖ ತೋರಿಸಲ್ಲ, ದನಿ ಕೇಳಿಸಲ್ಲ. ಏನಿದ್ರೂ ಬುಕೋಲಾ ಮಾತಾಡ್ತಾಳೆ. ನೀನು ಕೆಮ್ಮೋ ಹಾಗೂ ಇಲ್ಲ."

"ನಾನು ಹೆಂಗಸಾ ಮೇಡಂ?"

"ಆರು ತಿಂಗಳು ತಡಿಯಯ್ಯಾ. ಹೆಸರು ಬರಲಿ. ಆಮೇಲೆ ಹೊರಗಿನ ಮೇಜು ನಿಂದು. ಉಗುರಿನ ಸಂಘದ ಸರ್ಟಿಫಿಕೇಟಿಗೆ ನಾನೇ ಬರೆದು ಕಳಿಸ್ತೀನಿ. ನಿನ್ನ ಹೆಸರು ಗೋಡೆ ಮೇಲೆ ಇರುತ್ತೆ."

ಆ ಸರ್ಟಿಫಿಕೇಟು ನನಗೆ ಬೇಕಿತ್ತು. ಸುಳ್ಳೇಕೆ ಹೇಳಲಿ, ಊಟ ನಿದ್ದೆಗಿಂತ ಹೆಚ್ಚು ಬೇಕಿತ್ತು. ಅದಿದ್ದರೆ ನಾನು ಉಗುರು ಕಟ್ಟುವವನು. ಇಲ್ಲದಿದ್ದರೆ ಅಬೋಕಿ. ಒಪ್ಪಿಕೊಂಡೆ.

ಮಣಿಕಟ್ಟಿನ ಕೂದಲು ಬೋಳಿಸಿಕೊಂಡೆ. ಕೈಗವಸು ಹಾಕಿಕೊಂಡೆ. ಗಂಡಸಿನ ಬೆವರಿನ ವಾಸನೆ ಬರಬಾರದು ಅಂತ ಮೇಡಂ ನನ್ನ ಮೇಲೆ ಅತ್ತರು ಸುರಿದಳು. ಅಪ್ಪನ ಕತ್ತರಿಯ ತೋಳಿಗೆ ದಾರ ಸುತ್ತಿಸಿದಳು, ಸದ್ದು ಬರದ ಹಾಗೆ. ಉಗುರಿನ ಕೆಳಗೆ ಅಂಟಿಸುವ ಕಾಗದದ ಅಚ್ಚನ್ನು ಬೆರಳಿಗೆ ತಕ್ಕ ಹಾಗೆ ಕತ್ತರಿಸಬೇಕು, ಅದಕ್ಕೆ ಅದೇ ಕತ್ತರಿ ಬೇಕು ನನಗೆ. ತೂತಿನಿಂದ ಕೈಗಳು ಬರುತ್ತಿದ್ದವು. ಮುಖವಿಲ್ಲದ ಕೈಗಳು. ಕಟ್ಟಿದೆ, ತೀಡಿದೆ, ಬರೆದೆ. ಪುಡಿ ಮೂಗಿಗೆ ಹೋಗುತ್ತಿತ್ತು. ಕೆಮ್ಮು ಬಂದರೆ ತೋಳು ಕಚ್ಚಿಕೊಳ್ಳುತ್ತಿದ್ದೆ. ತೋಳಿನ ಮೇಲೆ ಹಲ್ಲಿನ ಗುರುತು ಈಗಲೂ ಇದೆ. ಮೂತ್ರಕ್ಕೆ ಹೋಗಬೇಕಾದರೆ ಗಿರಾಕಿ ಖಾಲಿಯಾಗುವವರೆಗೆ ಕಾಯಬೇಕು. ಹೊರಗೆ ಬುಕೋಲಾ ಹೇಳುತ್ತಿದ್ದಳು, "ಹಾಜಿಯಾ ಕೇಳ್ತಿದಾರೆ, ಉದ್ದ ಇಷ್ಟು ಸಾಕಾ?" ನಾನು ಏನೂ ಕೇಳಿರುತ್ತಿರಲಿಲ್ಲ.

ಎಂಟು ಕತ್ತಿ ದೊಡ್ಡ ಹೆಸರು ಮಾಡಿತು. ಮೇಡಂ ಅದಕ್ಕೆ ದುಬೈ ಡಿಸೈನ್ ಅಂತ ಹೆಸರಿಟ್ಟಳು.

ಸಾಬೋದಲ್ಲಿ ಸುದ್ದಿ ಹರಡಿತ್ತು. "ಹಾಜಿಯಾ, ಸಲಾಂ!" ಎಂದು ಹುಡುಗರು ಸೆರಗು ಎಳೆದುಕೊಂಡಂತೆ ನಟಿಸುತ್ತಿದ್ದರು. ಮಾವ ನನ್ನ ಜೊತೆ ಒಂದೇ ತಟ್ಟೆಯಲ್ಲಿ ಉಣ್ಣುವುದು ಬಿಟ್ಟ. "ಬಣ್ಣ ಬಳಿಯೋದು ಪಾಪ ಅಂದ್ಕೊಂಡಿದ್ದೆ" ಎಂದ ಒಂದು ದಿನ. "ಅದಲ್ಲ ಬಿಡು. ನಿನ್ನ ಅಪ್ಪ ಬಡವ, ನಿಜ. ಆದ್ರೆ ಯಾರ ಕಾಲು ಹಿಡಿದ್ರೂ ತನ್ನ ಮುಖ ಇಟ್ಕೊಂಡು ಹಿಡಿದ."

ನಾನು ಆರು ತಿಂಗಳು ಎಣಿಸುತ್ತಿದ್ದೆ. ಆರು ಮುಗಿಯಿತು. ಏಳನೆಯದೂ ಮುಗಿಯುತ್ತ ಬಂತು. ಆ ಶನಿವಾರ ಬೆಳಿಗ್ಗೆ ನೆಲ ಗುಡಿಸಲು ಬೇಗ ಹೋದೆ. ಗೋಡೆಯ ಮೇಲೆ ಹೊಸ ಚೌಕಟ್ಟು ಇತ್ತು. ಗಾಜಿನ ಹಿಂದೆ ಸಂಘದ ಮುದ್ರೆ, ಸರ್ಟಿಫಿಕೇಟು, ಪಕ್ಕದಲ್ಲಿ ಐದು ಕೈಗಳ ಫೋಟೋ. ಐದೂ ನಾನು ಮಾಡಿದ್ದು. ಒಂದೊಂದು ಬೆರಳೂ ನನಗೆ ನೆನಪಿದೆ. ಹೆಸರಿನ ಜಾಗದಲ್ಲಿ ಬುಕೋಲಾಳ ಹೆಸರು.

ಬುಕೋಲಾ ಮೂಲೆಯಲ್ಲಿ ನಿಂತು ಅಳುತ್ತಿದ್ದಳು. "ನಾನು ಬೇಡ ಅಂದೆ ತಾಂಕೋ. ನನ್ನ ಮಾತು ಯಾರು ಕೇಳ್ತಾರೆ?" ಆ ಸಲೂನಿನಲ್ಲಿ ನನ್ನ ಹೆಸರು ಗೊತ್ತಿದ್ದವಳು ಅವಳೊಬ್ಬಳೇ.

ಮೇಡಂ ಬಂದಳು. ಚೌಕಟ್ಟು ತೋರಿಸಿ ಕೇಳಿದೆ. ಅವಳು ಕೈಚೀಲ ಇಡುತ್ತಲೇ ಹೇಳಿದಳು:

"ಅಬೋಕಿ ಹೆಸರು ಗೋಡೆ ಮೇಲೆ ತೂಗು ಹಾಕಿದ್ರೆ ಬಾಗಿಲು ಯಾರು ದಾಟ್ತಾರೋ? ಕೆಲಸ ಮಾಡ್ತಿದೀಯ, ಹೊಟ್ಟೆ ತುಂಬ್ತಿದೆ. ಹೆಸರು ತಗೊಂಡು ಏನು ಉಪ್ಪಿನಕಾಯಿ ಹಾಕ್ತೀಯಾ? ಹೋಗು ಒಳಗೆ. ಹತ್ತು ಗಂಟೆಗೆ ಮದುಮಗಳು ಬರ್ತಿದಾಳೆ."

ಹೋದೆ. ಹೋಗಬಾರದಿತ್ತು. ಏಳು ತಿಂಗಳ ಅಭ್ಯಾಸ, ಕಾಲು ತಾನೇ ಹೋಯಿತು. ಕೂತು ಕತ್ತರಿಯ ದಾರ ಬಿಚ್ಚಿ ಬಿಸಾಡಿದೆ. ಅಷ್ಟು ಮಾತ್ರ ಮಾಡಿದೆ.

ಮದುಮಗಳ ಹೆಸರು ಮೊರೆನಿಕೆ. ಜೊತೆಗೆ ಅವಳ ತಾಯಿ, ಒಬ್ಬಳು ಅಜ್ಜಿ. ಎರಡು ಗಂಟೆಗೆ ಮದುವೆ. ಪರದೆಯ ಹೊಲಿಗೆ ಬಿಟ್ಟಲ್ಲಿ ಒಂದು ಸೀಳು ಇತ್ತು, ಅದರಲ್ಲಿ ನೋಡಿದೆ. ನೀಲಿ ಬಟ್ಟೆ ಉಟ್ಟು, ತಲೆಗೆ ಎತ್ತರದ ರುಮಾಲು ಕಟ್ಟಿಕೊಂಡು, ಮೆತ್ತನೆಯ ಕುರ್ಚಿಯಲ್ಲಿ ಹೇಗೆ ಕೂರಬೇಕೆಂದು ತಿಳಿಯದೆ ತುದಿಯಲ್ಲಿ ಕೂತಿದ್ದ ಅಜ್ಜಿ ನಮ್ಮ ಮೆಣಸಿನಕಾಯಿ ಮಾಮಾ. ಮಗಳು ದೊಡ್ಡ ಮನೆ ಸೇರಿದ್ದಾಳೆ ಅಂತ ಹೇಳುತ್ತಿದ್ದಳು. ಇದೇ ಮನೆ ಇರಬೇಕು.

ತೂತಿನಿಂದ ಬಲಗೈ ಒಳಗೆ ಬಂತು. ಹಿಡಿದುಕೊಂಡೆ. ಕೆಲಸ ಶುರು ಮಾಡಿದೆ. ಹೊರಗೆ ತಾಯಿಯ ಮಾತು ನಡೆದಿತ್ತು.

"ಅಮ್ಮ, ಕಾಲು ಹೀಗಿಟ್ಕೊಂಡು ಮದುವೆಗೆ ಬರ್ತೀಯಾ? ಅಯ್ಯೋ ಉಗುರು ನೋಡು. ಆ ಬೀದಿ ಅಬೋಕಿಗಳ ಹತ್ರ ಕೊಟ್ಟೂ ಕೊಟ್ಟೂ ಹೀಗಾಗಿದೆ. ಯಾರ್ಯಾರದೋ ಕೊಳಕು ಮುಟ್ಟಿದ ಕೈ ಅದು. ಥೂ. ಇಲ್ಲಿ ನೋಡು, ಹಾಜಿಯಾ ಕೈಗವಸಿಲ್ಲದೆ ಯಾರನ್ನೂ ಮುಟ್ಟಲ್ಲವಂತೆ. ಅದು ನೋಡು ಶುದ್ಧ ಅಂದ್ರೆ."

"ಅವನು ಮುಟ್ಟಿ ನನಗೇನೂ ರೋಗ ಬರ್ಲಿಲ್ವಲ್ಲೇ" ಎಂದಳು ಮಾಮಾ. "ಹನ್ನೆರಡು ವರ್ಷ ಮುಟ್ಟಿದ. ಒಂದು ಸಲ ರಕ್ತ ಬರಿಸ್ಲಿಲ್ಲ. ಅವನಿಲ್ದೆ ಕಾಲು ಹೀಗಾಗಿದೆ. ಏಳೆಂಟು ತಿಂಗಳಾಯ್ತು, ಕತ್ತರಿ ಸದ್ದೇ ಇಲ್ಲ. ಬೇರೆ ಯಾರಿಗೂ ಕಾಲು ಕೊಡೋಕೆ ಮನಸ್ಸಾಗಲ್ಲ. ಸತ್ನೋ ಏನೋ, ಪಾಪ."

ಸತ್ನೋ ಏನೋ.

ಕುಂಚ ಒಂದು ಕ್ಷಣ ನಿಂತಿತು. ಮತ್ತೆ ಬರೆದೆ. ಹೆಬ್ಬೆರಳು, ತೋರುಬೆರಳು, ನಡುಬೆರಳು. ಎಂಟು ಕತ್ತಿ, ಎಂಟು ಕತ್ತಿ, ಎಂಟು ಕತ್ತಿ. ಅಷ್ಟು ಚೆನ್ನಾಗಿ ನಾನು ಎಂದೂ ಬರೆದಿರಲಿಲ್ಲ. ಕಿರುಬೆರಳು ಮುಗಿಯಿತು. ಮನಸ್ಸು ಸಂತೆಯಲ್ಲಿತ್ತು, ಮೆಣಸಿನಕಾಯಿ ರಾಶಿಯ ಪಕ್ಕದಲ್ಲಿತ್ತು. ಕೈ ತನ್ನ ಪಾಡಿಗೆ ಅಪ್ಪ ಕಲಿಸಿದ್ದನ್ನು ಮಾಡಿಬಿಟ್ಟಿತು.

ಕಟ್-ಕಟ್.

ಬಲಗೈ ಹೊರಗೆ ಹೋಯಿತು, ಎಡಗೈ ಒಳಗೆ ಬಂತು. ಹೊರಗೆ ಯಾರೋ ಎದ್ದು ನಿಂತ ಸದ್ದು.

"ಅಬೋಕೀ!" ಎಂದಳು ಮಾಮಾ, ಸಂತೆಯಲ್ಲಿ ಕೂಗುವ ಹಾಗೇ. "ಬಾ ಇಲ್ಲಿ!"

ತಾಯಿ ನಕ್ಕಳು. ಮೇಡಂ ಇನ್ನೂ ಜೋರಾಗಿ ನಕ್ಕಳು. "ಬೀದಿಯಲ್ಲಿ ಯಾರೋ ಹೋದ್ರು ಮಾಮಾ. ಕೂತ್ಕೊಳ್ಳಿ, ತಣ್ಣಗೆ ಏನಾದ್ರೂ ತರಿಸ್ತೀನಿ."

"ಬೀದೀದಲ್ಲ, ಒಳಗಿನದು. ಈ ಕತ್ತರಿ ನಂಗೊತ್ತು. ಒಂದೇಟು ಜೋರು, ಒಂದೇಟು ಮೆಲ್ಲಗೆ. ನಮ್ಮ ಅಬೋಕೀದು ಇದು."

ಬುಕೋಲಾ ಪರದೆಗೆ ಬಾಯಿ ತಾಗಿಸಿ ಪಿಸುಗುಟ್ಟಿದಳು. "ಸುಮ್ನಿರೋ ತಾಂಕೋ. ಕೈ ಮುಗೀತೀನಿ, ಸುಮ್ನಿರು."

ಸುಮ್ಮನಿದ್ದರೆ ಆಗುತ್ತಿತ್ತು. ಮುದುಕಿಗೆ ಕಿವಿ ಮಂದ ಅಂದುಕೊಂಡು ಬಿಡುತ್ತಿದ್ದರು. ಎಡಗೈಯೂ ಮುಗಿಯುತ್ತಿತ್ತು. ನಾಳೆ ಮತ್ತೊಂದು ಕೈ, ನಾಡಿದ್ದು ಇನ್ನೊಂದು. ಗೋಡೆಯ ಮೇಲೆ ಮತ್ತೊಂದು ಚೌಕಟ್ಟು. ನನ್ನ ಮುಂದೆ ಮದುಮಗಳ ಎಡಗೈ ಅಂಗಾತ ಬಿದ್ದಿತ್ತು. ನನ್ನ ಕೈಗೆ ರಬ್ಬರಿನ ಕೈಗವಸು. ಕತ್ತರಿ ಬಡಿದದ್ದು ತಪ್ಪಿ ಆಯಿತು, ಒಪ್ಪುತ್ತೇನೆ. ಮುಂದಿನದು ತಪ್ಪಿ ಆದದ್ದಲ್ಲ.

ಒಂದು ಕೈಗವಸು ಕಿತ್ತೆ. ಇನ್ನೊಂದನ್ನೂ ಕಿತ್ತೆ.

"ಇಲ್ಲೇ ಇದೀನಿ ಮಾಮಾ" ಎಂದೆ. "ಸತ್ತಿಲ್ಲ."

ಏಳು ತಿಂಗಳಲ್ಲಿ ಆ ಜಾಗದಲ್ಲಿ ನನ್ನ ದನಿ ಮೊದಲ ಸಲ ಬಂತು. ಗಂಡಸಿನ ದನಿ, ಗೊಗ್ಗರು ದನಿ. ಎಡಗೈ ಸರಕ್ಕನೆ ತೂತಿನಿಂದ ಆಚೆ ಹೋಯಿತು. ನಾನು ಪರದೆಯನ್ನು ಹಿಡಿದು ಎಳೆದೆ. ಉಂಗುರಗಳು ಕಿತ್ತುಬಂದವು. ಹಸಿರು ರೇಷ್ಮೆಯನ್ನು ತುಳಿದುಕೊಂಡೇ ಹೊರಗೆ ಬಂದೆ.

ತಾಯಿ ಕಿರುಚಿದಳು. "ಇವನ್ಯಾರು! ಹಾಜಿಯಾ ಎಲ್ಲಿ?"

"ಹಾಜಿಯಾ ನಾನೇ ಅಮ್ಮಾ. ಮಕ್ಕಾ ನೋಡಿಲ್ಲ. ದುಬೈ ನೋಡಿಲ್ಲ. ಸಂತೆಯಲ್ಲಿ ನಿಮ್ಮ ತಾಯಿ ಕಾಲು ನೋಡಿದೀನಿ."

"ಕಳ್ಳ! ಹಿಂದಿನ ಬಾಗಿಲಿಂದ ನುಗ್ಗಿದಾನೆ!" ಎಂದಳು ಮೇಡಂ. ಅವಳ ಮುಖ ಬೂದಿಯಾಗಿತ್ತು. "ಪೊಲೀಸ್ ಕರೀತೀನಿ!"

"ಕರೀರಿ. ಬಂದವ್ರ ಮುಂದೆ ಒಂದು ಬೆರಳಿಗೆ ನಾನು ಬರೀತೀನಿ, ಒಂದು ಬೆರಳಿಗೆ ನೀವು ಬರೀರಿ. ಕಳ್ಳ ಯಾರು ಅಂತ ಅವ್ರೇ ಹೇಳ್ಲಿ."

ತಾಯಿ ಮಗಳ ಬಲಗೈ ಹಿಡಿದು ಒರೆಸತೊಡಗಿದಳು, ಕೊಳೆ ಒರೆಸುವ ಹಾಗೆ. "ಕೀಳಿಸು ಇದನ್ನ! ಎಲ್ಲ ಕೀಳಿಸಿ ಬೇರೆ ಹಾಕ್ಸು!" ಮೊರೆನಿಕೆ ಕೈ ಕಿತ್ತುಕೊಂಡು ಬೆಳಕಿಗೆ ಹಿಡಿದು ನೋಡಿದಳು. ಬಲಗೈಯನ್ನು ಎದೆಗೆ ಒತ್ತಿಕೊಂಡಳು.

ಮೇಡಂ ಮಾತು ಬದಲಿಸಿದಳು. "ಆಯ್ತು, ಆಯ್ತು. ಇನ್ನೊಂದು ಕೈ ಬುಕೋಲಾ ಮಾಡ್ತಾಳೆ. ಸರ್ಟಿಫಿಕೇಟು ಇದೆ ಅವಳ ಹತ್ರ, ನೋಡಿ. ಅಲ್ಲೇ ಇದೆ. ಬಾರೇ ಬುಕೋಲಾ."

ಬುಕೋಲಾ ಕದಲಲಿಲ್ಲ. ಕಣ್ಣು ಊದಿತ್ತು.

"ನಂಗೆ ಬರಲ್ಲ ಮೇಡಂ. ಗೋಡೆ ಮೇಲಿರೋ ಕೈ ಯಾವ್ದೂ ನಂದಲ್ಲ."

ಆಗ ನಾನು ನನ್ನ ತಗಡಿನ ಪೆಟ್ಟಿಗೆ ಎತ್ತಿಕೊಂಡೆ. ಕುಂಚ ನನ್ನದು, ಪುಡಿ ನನ್ನದು, ಬಂಗಾರದ ಬಣ್ಣದ ಬಾಟಲಿ ನನ್ನದು. ಮೇಡಂ ವಸ್ತು ಯಾವುದನ್ನೂ ಮುಟ್ಟಲಿಲ್ಲ. ಒಂದನ್ನು ಬಿಟ್ಟು. ಗಿರಾಕಿಗಳ ಮೆತ್ತನೆಯ ಕುರ್ಚಿಗಳಲ್ಲಿ ಒಂದನ್ನು ತಲೆಯ ಮೇಲೆ ಹೊತ್ತುಕೊಂಡು ಹೊರಟೆ. ಏಳು ತಿಂಗಳು ಬಾಯಿ ಕಟ್ಟಿಸಿದ್ದಕ್ಕೆ ಒಂದು ಕುರ್ಚಿ ಜಾಸ್ತಿಯಲ್ಲ. ಗೇಟಿನಾಚೆ ರಸ್ತೆಯ ಬದಿ ಒಂದು ಬಾದಾಮಿ ಮರ ಇದೆ. ಅದರ ಕೆಳಗೆ ಕುರ್ಚಿ ಹಾಕಿ ಕೂತೆ. ಕುಕ್ಕರುಗಾಲಲ್ಲಿ ಅಲ್ಲ. ಬೆನ್ನು ಒರಗಿಸಿ ಕೂತೆ.

ಮೇಡಂ ಓಡಿಬಂದಳು. "ಬರಾವು! ಇವನ್ನ ಆಚೆ ಹಾಕು!"

ಬರಾವು ಮಾವ ತನ್ನ ಸ್ಟೂಲಿನಿಂದ ನಿಧಾನವಾಗಿ ಎದ್ದ. ನನ್ನನ್ನು ನೋಡಿದ, ಗೇಟನ್ನು ನೋಡಿದ, ತನ್ನ ಕೋಲನ್ನು ನೋಡಿದ.

"ಗೇಟಿನೊಳಗಿರೋನ್ನ ಆಚೆ ಹಾಕೋದು ನನ್ನ ಕೆಲಸ ಮೇಡಂ. ಇವನು ಆಗ್ಲೇ ಆಚೆ ಇದಾನಲ್ಲ."

ಎಂದು ಹೇಳಿ ಮತ್ತೆ ಕೂತ.

ನಾನು ಕತ್ತರಿ ಬಡಿದೆ. ಕಟ್-ಕಟ್. ಒಂದೇಟು ಜೋರು, ಒಂದೇಟು ಮೆಲ್ಲಗೆ.

ಮಾಮಾ ಬಂದಳು. ಒಂದು ಕೈಯಲ್ಲಿ ಸ್ಟೂಲು, ಇನ್ನೊಂದು ಕೈಯಲ್ಲಿ ಜಾರುತ್ತಿದ್ದ ರುಮಾಲು. ಉಸ್ಸೆಂದು ಕೂತು, ಅಭ್ಯಾಸದಂತೆ ಚಪ್ಪಲಿ ಕಳಚಿ ಕಾಲು ಎತ್ತಿದಳು.

"ಕಾಲಲ್ಲ ಮಾಮಾ. ಇವತ್ತು ಕೈ ಕೊಡಿ."

ಅವಳು ತನ್ನ ಕೈಯನ್ನು ನೋಡಿಕೊಂಡಳು. ನಲವತ್ತು ವರ್ಷ ಮೆಣಸಿನಕಾಯಿ ತೊಟ್ಟು ಬಿಡಿಸಿದ ಕೈ. ಬೆರಳ ತುದಿ ಸುಟ್ಟು ನುಣ್ಣಗಾಗಿತ್ತು. "ಈ ಕೈಗೆಂಥದೋ?" ಎಂದಳು. ನಾನೇ ಕೈ ಚಾಚಿ ಹಿಡಿದುಕೊಂಡೆ. ಬರಿಗೈಯಲ್ಲಿ. ಹೆಬ್ಬೆರಳಿಗೆ ಅಚ್ಚು ಕಟ್ಟಿದೆ, ಪುಡಿ ಇಟ್ಟೆ, ಎಳೆದೆ. ತೀಡಿ ಬಂಗಾರದಲ್ಲಿ ಬರೆಯತೊಡಗಿದೆ. ಎರಡು ಕತ್ತಿ, ನಾಲ್ಕು ಕತ್ತಿ.

ರಸ್ತೆಯಲ್ಲಿ ಜನ ನಿಂತರು. ಬೈಕಿನವರು ನಿಂತರು. "ನೋಡ್ರೋ, ಅಬೋಕಿ ಅಜ್ಜೀನ ಮದುವೆ ಆಗ್ತಿದಾನೆ!" ಎಂದ ಒಬ್ಬ. "ನಿನ್ನ ಅಜ್ಜೀನೂ ಕಳ್ಸು, ಅವಳಿಗೂ ಮಾಡ್ತಾನೆ!" ಎಂದು ಮಾಮಾ ತಿರುಗಿ ಕೂಗಿದಳು. ಜನ ನಕ್ಕರು.

ಮೊರೆನಿಕೆಯ ತಾಯಿ ಗೇಟಿಗೆ ಬಂದಳು. ಹಿಂದೆ ಮೊರೆನಿಕೆ, ಬಲಗೈಯಲ್ಲಿ ಬಂಗಾರ, ಎಡಗೈ ಬೋಳು. ತಾಯಿ ಗಡಿಯಾರ ನೋಡಿಕೊಂಡಳು. ಮುಖ ಗಂಟಾಗಿತ್ತು.

"ಏಯ್ ಅಬೋಕಿ. ಅಮ್ಮನ್ನ ಬಿಡು. ಮೊದಲು ಇವಳ ಕೈ ಮುಗಿಸು, ಹೊತ್ತಾಗ್ತಿದೆ."

ನಾನು ತಲೆ ಎತ್ತಲಿಲ್ಲ. ಐದು ಕತ್ತಿ.

"ಕೇಳಿಸ್ಲಿಲ್ವಾ? ಅಬೋಕೀ!"

ಆರು ಕತ್ತಿ.

"ಮೊದಲು ಬಂದವ್ರಿಗೆ ಮೊದಲು ಅಮ್ಮಾ" ಎಂದೆ. "ಇವ್ರು ಹನ್ನೆರಡು ವರ್ಷದ ಹಿಂದೆ ಬಂದವ್ರು. ಆಮೇಲೆ, ಇಲ್ಲಿ ಅಬೋಕಿ ಅನ್ನೋರು ಯಾರೂ ಇಲ್ಲ."

ಮಾಮಾ ಕತ್ತೆತ್ತಿ ನನ್ನನ್ನೇ ನೋಡಿದಳು.

"ನಿನ್ನ ಹೆಸ್ರೇನಪ್ಪಾ?" ಎಂದಳು. "ಹನ್ನೆರಡು ವರ್ಷ ಕಾಲು ನಿನ್ನ ಮೊಣಕಾಲ ಮೇಲಿಟ್ಟೆ. ಒಂದು ಸಲ ಕೇಳ್ಲಿಲ್ವಲ್ಲೋ ನಾನು. ಎಂಥ ಹೆಂಗಸು ನಾನು!"

"ತಾಂಕೋ, ಮಾಮಾ."

ಅವಳು ಒಂದು ಸಲ ಮೆಲ್ಲಗೆ ಹೇಳಿ ನೋಡಿದಳು. ಏಳನೇ ಕತ್ತಿ ಬರೆದೆ. ಎಂಟನೆಯದು ಬರೆದೆ. ಅವಳು ಹೆಬ್ಬೆರಳನ್ನು ಕಣ್ಣಿನ ಹತ್ತಿರ ತಂದುಕೊಂಡಳು. ಆಮೇಲೆ ಸಂತೆಯ ಈ ತುದಿಯಿಂದ ಆ ತುದಿಗೆ ಕೇಳಿಸುವ ತನ್ನ ದನಿಯನ್ನು ತೆಗೆದಳು.

"ನಂಗೆ ಒಂದು ಬೆರಳು ಸಾಕು! ಮೊರೆನಿಕೇ, ಬಾರೇ! ತಾಂಕೋ ಕರೀತಿದಾನೆ!"

ಮೊರೆನಿಕೆ ತಾಯಿಯ ಕೈ ಬಿಡಿಸಿಕೊಂಡು ಬಂದಳು. ಸ್ಟೂಲಿನ ಮೇಲೆ ಕೂತಳು. ಎಡಗೈ ಚಾಚಿದಳು.

"ಕೈಗವಸು ಹಾಕ್ಕೊಳ್ಳಪ್ಪ" ಎಂದಳು ತಾಯಿ. ಈಗ ದನಿ ಇಳಿದಿತ್ತು.

"ಇಲ್ಲ" ಎಂದೆ.

ಮೊರೆನಿಕೆ ಕೈ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. "ಮುಗಿಸು ತಾಂಕೋ" ಎಂದಳು. ಐದು ಬೆರಳಿಗೂ ಬರೆದೆ. ಎಲ್ಲರೂ ನೋಡುತ್ತಿದ್ದರು. ನನ್ನ ಮೀಸೆಯನ್ನು ನೋಡಿದರು, ನನ್ನ ಕೈ ನೋಡಿದರು, ಹಲ್ಲಿನ ಗುರುತು ಬಿದ್ದ ನನ್ನ ತೋಳು ನೋಡಿದರು. ಅವಳು ಮದುವೆಗೆ ಹೋದಳು. ಸ್ವಲ್ಪ ತಡವಾಯಿತು. ಆದರೆ ಆಗಲಿ.

ಇದೆಲ್ಲ ಆಗಿ ಒಂದು ವರ್ಷ ಆಯಿತು. ಸರ್ಟಿಫಿಕೇಟು ಬಂದಿಲ್ಲ. ಸಂಘದವರು ನನ್ನ ಕಾಗದಕ್ಕೆ ಉತ್ತರ ಬರೆಯುವುದಿಲ್ಲ. ಸಲೂನಿನ ಗೋಡೆಯ ಮೇಲೆ ಆ ಚೌಕಟ್ಟು ಇನ್ನೂ ಇದೆ, ಬುಕೋಲಾ ಅಲ್ಲಿಲ್ಲ. ಅವಳು ಮರದ ಕೆಳಗೆ ನನ್ನ ಪಕ್ಕದಲ್ಲಿ ಕೂತು ಕೆಲಸ ಕಲಿಯುತ್ತಿದ್ದಾಳೆ. ಕೈ ಈಗ ನಡುಗುವುದಿಲ್ಲ. ಮಾವನನ್ನು ಗೇಟಿನಿಂದ ತೆಗೆದರು. ಅವನು ನಮ್ಮ ಕತ್ತರಿ, ಅರ ಮಸೆಯುತ್ತ ಕೂರುತ್ತಾನೆ. ಬಣ್ಣ ಬಳಿಯುವುದು ಪಾಪ ಅಂತ ಇವತ್ತಿಗೂ ಬೈಯುತ್ತಾನೆ. ಒಂದೇ ತಟ್ಟೆಯಲ್ಲಿ ಉಣ್ಣುತ್ತಾನೆ.

ಮೇಡಂ ದಿನಾ ಬೆಳಿಗ್ಗೆ ಮರದ ಬುಡಕ್ಕೆ ಕೊಳಚೆ ನೀರು ಸುರಿಸುತ್ತಾಳೆ. ನಾವು ಮಣ್ಣು ಹಾಕಿ ಕೂರುತ್ತೇವೆ. ಅವಳ ಆಳುಗಳು ಎರಡು ಸಲ ಕುರ್ಚಿ ಹೊತ್ತುಕೊಂಡು ಹೋದರು. ಮೂರನೆಯದನ್ನು ಮರಕ್ಕೆ ಸರಪಳಿ ಹಾಕಿ ಕಟ್ಟಿದ್ದೇನೆ.

ಕಾರುಗಳು ನಿಲ್ಲುತ್ತವೆ. ಗಾಜು ಅರ್ಧ ಇಳಿಯುತ್ತದೆ. "ಅಬೋಕಿ!" ಅಂತ ಕೂಗುತ್ತಾರೆ. ನಾನು ತಿರುಗುವುದಿಲ್ಲ. "ಏ ಅಬೋಕಿ, ನಿನ್ನೇ!" ತಿರುಗುವುದಿಲ್ಲ. ಕೆಲವರು ಬೈದು ಹೋಗುತ್ತಾರೆ. ಹೋಗಲಿ. ಕೆಲವರು ಕಾರಿನಿಂದ ಇಳಿಯುತ್ತಾರೆ, ಕೊಳಚೆ ದಾಟಿಕೊಂಡು ಹತ್ತಿರ ಬರುತ್ತಾರೆ, ಬುಕೋಲಾಳನ್ನು ಮೆಲ್ಲಗೆ ಕೇಳುತ್ತಾರೆ, ಇವನ ಹೆಸರೇನು ಅಂತ.

"ಅವ್ನನ್ನೇ ಕೇಳಿ" ಎನ್ನುತ್ತಾಳೆ ಅವಳು.

ಕೇಳಿದವರ ಕೈ ಹಿಡಿಯುತ್ತೇನೆ.